ಅರಾಗಾರ್ನ್ ಆಗೋದಾ, ಸ್ಯಾಮ್ ಆಗೋದಾ? ಫ್ಯಾಂಟಸಿ ನಾಯಕರಲ್ಲಿ ಯಾರನ್ನು ಆರಿಸಿಕೊಳ್ಳಬಹುದು

ಫ್ಯಾಂಟಸಿ ಓದುವ ಯಾರನ್ನಾದರೂ ಹಿಡಿದು, ಈ ನಾಯಕರಲ್ಲಿ ನಿನಗೆ ಯಾರ ಥರ ಆಗಬೇಕು ಅಂತ ಕೇಳಿ ನೋಡಿ. ಥಟ್ಟನೆ ಬರುವ ಹೆಸರು ಹೆಚ್ಚಾಗಿ ಅರಾಗಾರ್ನ್. ಒಂದು ನಿಮಿಷ ಯೋಚಿಸಿದವರು ಸ್ಯಾಮ್ ಎನ್ನುತ್ತಾರೆ. ಫ್ರೋಡೊ ಎನ್ನುವವರು ಅಪರೂಪ. ಹೊತ್ತವರ ಮನಸ್ಸು ಕೆಡಿಸುವ ಮಂತ್ರದ ಉಂಗುರವನ್ನು ಬೆಂಕಿಗೆ ಹಾಕಿ ನಾಶ ಮಾಡಲು, ಅದನ್ನು ಕೊರಳಿಗೆ ಕಟ್ಟಿಕೊಂಡು ಅಷ್ಟು ದೂರ ನಡೆದವನು ಅವನೇ, ಆದರೂ ಅವನ ಜಾಗದಲ್ಲಿ ನಿಲ್ಲಲು ಯಾರಿಗೂ ಮನಸ್ಸಿಲ್ಲ. ನಾವು ಮೆಚ್ಚುವುದು ಒಬ್ಬರನ್ನು, ಆಗಬೇಕು ಅಂದುಕೊಳ್ಳುವುದು ಇನ್ನೊಬ್ಬರ ಥರ, ನಿಜಕ್ಕೂ ಏನಾದರೂ ಕಲಿಯಲು ಸಿಗುವುದು ಮೂರನೆಯವರ ಹತ್ತಿರ.

ಹಾಗಾಗಿ ಒಬ್ಬೊಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಜಾಸ್ತಿ ಜನ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನವರು. 1954-55ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಆ ಪುಸ್ತಕ ಬಿಟ್ಟು ಈ ಮಾತು ಆಡುವುದೇ ಕಷ್ಟ. ಅವರಿಗೆ ಸರಿಸಮ ನಿಲ್ಲುವ ಇನ್ನೊಬ್ಬ ಅಂದರೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಗೆಡ್. ಕಥೆಗಳ ಕೊನೆಯನ್ನೆಲ್ಲ ಹೇಳಿಬಿಡುತ್ತೇನೆ, ಇನ್ನೂ ಓದದವರು ಇಲ್ಲೇ ನಿಲ್ಲಬಹುದು.

ಕತ್ತಿ, ಕುದುರೆ, ಗಾಳಿಗೆ ಹಾರುವ ಕೂದಲು ಇದನ್ನೆಲ್ಲ ಪಕ್ಕಕ್ಕಿಡಿ. ನನ್ನ ಪ್ರಶ್ನೆಗಳು ಇಷ್ಟೇ. ಇವರ ದೊಡ್ಡತನದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಮಾಡಿ ಗಳಿಸಿದ್ದೆಷ್ಟು? ಅದಕ್ಕಾಗಿ ಏನು ಕಳೆದುಕೊಂಡರು? ಸೋಮವಾರ ಬೆಳಿಗ್ಗೆ ಬಸ್ ಹಿಡಿದು ಕೆಲಸಕ್ಕೆ ಹೋಗುವವರಿಗೆ ಇವರಿಂದ ಏನಾದರೂ ಸಿಗುತ್ತದಾ?

ಅರಾಗಾರ್ನ್: ಎಲ್ಲರ ಮೊದಲ ಆಯ್ಕೆ

ನಮಗೆ ಅವನು ಮೊದಲು ಕಾಣುವುದು ಬ್ರೀ ಎಂಬ ಊರಿನ ಹೋಟೆಲಿನ ಮೂಲೆಯಲ್ಲಿ. ಕೆಸರು ಮೆತ್ತಿದ ಬೂಟು, ಮುಖ ಮುಚ್ಚುವ ಹಾಗೆ ಎಳೆದುಕೊಂಡ ಮುಸುಕು, ಕೈಯಲ್ಲಿ ಪೈಪು. ಹೋಟೆಲ್ ಮಾಲೀಕನಿಗೇ ಇವನ ಮೇಲೆ ನಂಬಿಕೆ ಇಲ್ಲ. ಆಗ ಅವನಿಗೆ 87 ವರ್ಷ! ಅವನ ವಂಶದವರು ನಮಗಿಂತ ತುಂಬಾ ಹೆಚ್ಚು ಕಾಲ ಬದುಕುತ್ತಾರೆ, ಇವನು ತೀರಿಕೊಂಡದ್ದು 210ಕ್ಕೆ. ತಾನು ರಾಜವಂಶದವನು ಅಂತ ಅವನಿಗೆ ಗೊತ್ತಾದದ್ದು 20ನೇ ವಯಸ್ಸಿನಲ್ಲಿ. ಗೊತ್ತಾದ ಮೇಲೂ ಆರು ದಶಕಕ್ಕಿಂತ ಹೆಚ್ಚು ಕಾಲ ಕಾಡುಮೇಡು ಅಲೆದ, ಬೇರೆ ಹೆಸರಿಟ್ಟುಕೊಂಡು ರೋಹನ್ ಮತ್ತು ಗೊಂಡೋರ್ ಎಂಬ ಎರಡೂ ರಾಜ್ಯಗಳ ಸೈನ್ಯದಲ್ಲಿ ದುಡಿದ. ಗೊಂಡೋರಿಗಾಗಿ ಶತ್ರುಗಳ ಹಡಗುಗಳನ್ನು ಸುಟ್ಟು ಗೆದ್ದು ಬಂದವನು, ಸನ್ಮಾನ ಮಾಡಿಸಿಕೊಳ್ಳಲು ರಾಜಧಾನಿಗೂ ಹೋಗದೆ ದಾರಿಯಲ್ಲೇ ಎಲ್ಲರಿಗೂ ಕೈಮುಗಿದು ಹೊರಟುಬಿಟ್ಟ.

ಅವನನ್ನು ಮೆಚ್ಚುವವರು ಹೇಳುವುದು ಯುದ್ಧದ ಮಾತು. ನನಗೆ ಇಷ್ಟ ಆಗುವುದು ಯುದ್ಧ ಮುಗಿದ ರಾತ್ರಿ. ಗೊಂಡೋರಿನ ರಾಜಧಾನಿ ಮಿನಾಸ್ ತಿರಿತ್ ಮುಂದೆ ಗೆದ್ದಾಗಿದೆ, ರಾಜ ಅಂತ ಒಳಗೆ ಮೆರೆದುಕೊಂಡು ಹೋಗಬಹುದು. ಅವನು ಬಾವುಟ ಸುತ್ತಿಡಿಸಿ, ಸುಮ್ನೆ ಒಂದು ಬೂದು ಹೊದಿಕೆ ಹೊದ್ದು, ಗಾಯಾಳುಗಳಿದ್ದ ಮನೆಗೆ ಹೋಗುತ್ತಾನೆ. ಅಥೆಲಾಸ್ ಅನ್ನುವ ಸೊಪ್ಪು ಬೇಕು ಎನ್ನುತ್ತಾನೆ. ಅಲ್ಲಿನ ಮೂಲಿಕೆಗಳ ಪಂಡಿತ ಬಂದು ಆ ಗಿಡಕ್ಕೆ ಯಾವ ಯಾವ ಭಾಷೆಯಲ್ಲಿ ಏನೇನು ಹೆಸರು, ಅದರ ಮೇಲೆ ಯಾವ ಹಳೇ ಪದ್ಯ ಇದೆ ಅಂತೆಲ್ಲ ವಿವರಿಸುತ್ತಾನೆ, ಆದರೆ ಸೊಪ್ಪು ಮಾತ್ರ ಅವನ ಹತ್ತಿರ ಒಂದೆಲೆಯೂ ಇಲ್ಲ. ಜೊತೆಗಿದ್ದ ಮಂತ್ರವಾದಿ ಗ್ಯಾಂಡಾಲ್ಫ್ ಸಿಡಿದುಬಿಡುತ್ತಾನೆ. ಕೊನೆಗೆ ಎಲ್ಲಿಂದಲೋ ಹುಡುಕಿ ತಂದ ಒಣಗಿದ ಎಲೆಗಳನ್ನು ಕೈಯಲ್ಲಿ ಹಿಸುಕಿ, ಬಿಸಿನೀರಿಗೆ ಹಾಕಿ, ಅರಾಗಾರ್ನ್ ರೋಗಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತಾನೆ. ಇಡೀ ಪುಸ್ತಕದಲ್ಲಿ ಅವನು ರಾಜ ಅಂತ ಊರಿಗೆ ಗೊತ್ತಾಗುವುದೇ ಹೀಗೆ.

ಇನ್ನೊಂದು ವಿಷಯ ಗಮನಿಸಿ. 2001ರಿಂದ 2003ರವರೆಗೆ ಬಂದ ಸಿನಿಮಾಗಳ ಅರಾಗಾರ್ನ್‌ಗೆ ರಾಜ ಆಗಲು ಅಳುಕು. ಪುಸ್ತಕದವನಿಗೆ ಆ ಅಳುಕಿಲ್ಲ, ಮುರಿದ ಕತ್ತಿಯನ್ನು ಸೊಂಟದಲ್ಲೇ ಇಟ್ಟುಕೊಂಡು ತಿರುಗುತ್ತಾನೆ, ತಾನು ಯಾರು ಅಂತ ಚೆನ್ನಾಗಿ ಗೊತ್ತು. ಅವನಿಗೆ ಅನುಮಾನ ಬರುವುದು ತನ್ನ ತೀರ್ಮಾನಗಳ ಮೇಲೆ. ಉಂಗುರದ ಜೊತೆ ಹೊರಟಿದ್ದ ಗುಂಪು ಒಡೆದುಹೋದ ದಿನ, ಇವತ್ತು ನಾನು ಮಾಡಿದ್ದೆಲ್ಲ ಕೆಟ್ಟಿತು ಅಂತ ಕೊರಗುತ್ತಾನೆ. ಆಮೇಲೆ ಉಂಗುರ ಹೊತ್ತವನ ಹಿಂದೆ ಹೋಗುವ ದೊಡ್ಡ ಕೆಲಸ ಬಿಟ್ಟು, ಸೆರೆ ಸಿಕ್ಕ ಮೆರ್ರಿ, ಪಿಪ್ಪಿನ್ ಎಂಬ ಇಬ್ಬರು ಪುಟ್ಟ ಹಾಬಿಟ್‌ಗಳನ್ನು (ಫ್ರೋಡೊ, ಸ್ಯಾಮ್ ಥರದ ಕುಳ್ಳ ಜನ) ಬಿಡಿಸಲು ಓಡುತ್ತಾನೆ. ನಾಲ್ಕು ದಿನ ತುಂಬುವುದರೊಳಗೆ 45 ಲೀಗ್, ಅಂದರೆ 200 ಕಿಲೋಮೀಟರಿಗಿಂತ ಜಾಸ್ತಿ, ಕಾಲ್ನಡಿಗೆಯಲ್ಲಿ. ಛಲ ಬಿಡದ ತ್ರಿವಿಕ್ರಮ ಅಂದರೆ ಇವನೇ.

ಅವನ ರಕ್ತ, ಆಯಸ್ಸು, ಮುಪ್ಪಿಲ್ಲದ ಎಲ್ಫ್‌ಗಳ ಮನೆಯ ಶಿಕ್ಷಣ ಯಾವುದೂ ನಮಗೆ ಸಿಗುವಂಥದ್ದಲ್ಲ. ಹೆಸರಿಲ್ಲದೆ ದುಡಿಯುವುದು ಸಿಗುತ್ತದೆ, ಆದರೆ ಅರಾಗಾರ್ನ್ ಆಗಬೇಕು ಎನ್ನುವವರಲ್ಲಿ ಆ ಭಾಗ ಬೇಕು ಅಂದವರನ್ನು ನಾನಂತೂ ಕಂಡಿಲ್ಲ. ಪಟ್ಟಾಭಿಷೇಕದ ದಿನ ಮಾತ್ರ ಎಲ್ಲರಿಗೂ ಬೇಕು. ಈ ಆಯ್ಕೆ ಯಾರಿಗೆ ಸರಿ ಅಂದರೆ, ಯಾವುದೋ ಒಂದು ಜವಾಬ್ದಾರಿ ತಮ್ಮ ಪಾಲಿಗೆ ಬರುತ್ತದೆ ಅಂತ ಮೊದಲೇ ಗೊತ್ತಿದ್ದು, ಅದಕ್ಕೆ ತಯಾರಾಗಲು ಇನ್ನೂ ವರ್ಷಗಳು ಇರುವವರಿಗೆ.

ಸ್ಯಾಮ್: ನನ್ನ ಓಟು, ಆದರೆ ಒಂದು ಷರತ್ತು

ಸ್ಯಾಮ್ ತೋಟದ ಮಾಲಿ. ಅವನಪ್ಪನೂ ಮಾಲಿ. ಹುಟ್ಟಿನಿಂದ ಬಂದದ್ದು ಮಣ್ಣಿನ ಕೆಲಸ ಬಿಟ್ಟರೆ ಏನೂ ಇಲ್ಲ. ಟೋಲ್ಕಿನ್ 1916ರಲ್ಲಿ ಸೋಮ್ ಯುದ್ಧದಲ್ಲಿದ್ದರು. ಅಲ್ಲಿ ತಾವು ಕಂಡ ಸಾಮಾನ್ಯ ಸಿಪಾಯಿಗಳು, ಅಧಿಕಾರಿಗಳ ಜೊತೆಗಿದ್ದ ಆಳುಗಳು, ಅವರ ನೆರಳೇ ಸ್ಯಾಮ್ ಅಂತ ಮುಂದೆ ಹೇಳಿದ್ದಾರೆ. ಅವರೆಲ್ಲ ತನಗಿಂತ ಎಷ್ಟೋ ಮೇಲು ಅಂತಲೂ ಅವರಿಗೆ ಅನ್ನಿಸಿತ್ತು.

ಅವನ ಬೆನ್ನಿನ ಚೀಲ ನೋಡಿ. ಅಡುಗೆ ಪಾತ್ರೆಗಳು, ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು. ಲೋಕ ಮುಳುಗುತ್ತಿರುವಾಗ ಉಪ್ಪು ಕಟ್ಟಿಕೊಂಡು ಹೊರಟವನು! ವೈರಿಯ ನಾಡಾದ ಮಾರ್ಡಾರ್ ಹತ್ತಿರ ಬಂದಾಗಲೂ ಮೊಲ ಬೇಯಿಸಿ ಫ್ರೋಡೊಗೆ ಬಿಸಿಯಾಗಿ ತಿನ್ನಿಸಬೇಕು ಅವನಿಗೆ. ಆ ಒಲೆಯ ಹೊಗೆ ನೋಡಿಯೇ ಸೈನಿಕರು ಬಂದು ಹಿಡಿಯುತ್ತಾರೆ, ಅದು ಬೇರೆ ಮಾತು. ಮುಂದೆ ಮಾರ್ಡಾರ್ ಒಳಗೆ ಒಂದು ಹೆಜ್ಜೆ ಇಡಲೂ ಆಗದೆ ಇಬ್ಬರೂ ಭಾರ ಕಳಚುತ್ತಾ ಬರುವಾಗ ಆ ಪಾತ್ರೆಗಳನ್ನು ಬಿರುಕಿಗೆ ಎಸೆಯಬೇಕಾಗುತ್ತದೆ. ಅವು ಕೆಳಗೆ ಬೀಳುವ ಸದ್ದು ಕೇಳಿ ಅವನ ಎದೆ ಒಡೆಯುತ್ತದೆ. ಊರಿಗೆ ವಾಪಸ್ ಹೋಗುವುದು, ಅಡುಗೆ ಮಾಡುವುದು ಇನ್ನಿಲ್ಲ ಅಂತ ಅವನಿಗೆ ಅರ್ಥ ಆದದ್ದು ಆಗಲೇ ಇರಬೇಕು ಅಂತ ನನ್ನ ಊಹೆ.

ಉಂಗುರ ಸ್ವಲ್ಪ ಹೊತ್ತು ಅವನ ಕೈಗೂ ಬರುತ್ತದೆ. ಎಲ್ಲರಿಗೂ ತೋರಿಸುವ ಹಾಗೆ ಅವನಿಗೂ ಆಸೆ ತೋರಿಸುತ್ತದೆ: ಮಹಾವೀರ ಸ್ಯಾಮ್, ಕೈಯಲ್ಲಿ ಉರಿಯುವ ಕತ್ತಿ, ಅವನು ಅಪ್ಪಣೆ ಕೊಟ್ಟರೆ ಇಡೀ ಮಾರ್ಡಾರ್ ಹೂದೋಟ. ಅವನನ್ನು ಉಳಿಸಿದ್ದು ಎರಡು, ಫ್ರೋಡೊ ಮೇಲಿನ ಪ್ರೀತಿ ಮತ್ತು ತನ್ನ ಅಳತೆ ತನಗೆ ಗೊತ್ತಿದ್ದದ್ದು. ತನ್ನ ಕೈಯಿಂದ ಮಾಡಿಕೊಳ್ಳುವ ಒಂದು ಪುಟ್ಟ ತೋಟ ಸಾಕು, ಬೇರೆಯವರ ಕೈಗೆ ಹುಕುಂ ಕೊಟ್ಟು ಮಾಡಿಸುವ ರಾಜ್ಯದಷ್ಟು ತೋಟ ಬೇಡ ಅಂತ ತೀರ್ಮಾನಿಸಿ, ಉಂಗುರವನ್ನು ಫ್ರೋಡೊಗೆ ಹಿಂತಿರುಗಿಸುತ್ತಾನೆ. ಇಷ್ಟು ಸಲೀಸಾಗಿ ಅದನ್ನು ಕೊಟ್ಟವರು ಆ ಕಥೆಯಲ್ಲಿ ತೀರಾ ಕಡಿಮೆ.

ಊರಿಗೆ ಬಂದ ಮೇಲಿನ ಭಾಗ ಸಿನಿಮಾದಲ್ಲಿ ಇಲ್ಲ, ಹಾಗಾಗಿ ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಬಿಟ್‌ಗಳ ನಾಡು ಶೈರ್ ಹಾಳಾಗಿದೆ, ಮರಗಳನ್ನೆಲ್ಲ ಕಡಿದಿದ್ದಾರೆ. ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ಕೊಟ್ಟ ಡಬ್ಬಿಯಲ್ಲಿ ಮಂತ್ರದ ಮಣ್ಣಿದೆ. ಒಬ್ಬ ಗೆಳೆಯ ಗಾಳಿಗೆ ತೂರು ಎನ್ನುತ್ತಾನೆ, ಇನ್ನೊಬ್ಬ ಒಂದೇ ಕಡೆ ಹಾಕಿ ನೋಡು ಎನ್ನುತ್ತಾನೆ. ಸ್ಯಾಮ್ ತನ್ನ ತೋಟಕ್ಕೆ ಮಾತ್ರ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಶೈರ್ ಪೂರ್ತಿ ಸುತ್ತಿ, ಕಡಿದ ಕಡೆಯಲ್ಲೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೆ ಒಂದೊಂದು ಕಣ ಹಾಕುತ್ತಾ ಹೋಗುತ್ತಾನೆ. ಮುಂದೆ ಏಳು ಸಲ ಮೇಯರ್ ಆದ, 13 ಮಕ್ಕಳಾದವು.

ಅವನ ತಪ್ಪನ್ನೂ ಹೇಳಬೇಕು. ಹಿಂದೆ ಉಂಗುರ ಇಟ್ಟುಕೊಂಡು ಹಾಳಾಗಿ, ಈಗ ಇವರಿಗೆ ದಾರಿ ತೋರಿಸುತ್ತಿರುವ ಗಾಲಮ್ ಒಮ್ಮೆ, ಒಂದೇ ಒಂದು ಸಲ, ಬದಲಾಗುವ ಅಂಚಿಗೆ ಬಂದಿರುತ್ತಾನೆ. ಮಲಗಿದ್ದ ಫ್ರೋಡೊನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಅಷ್ಟರಲ್ಲಿ ಎಚ್ಚರವಾದ ಸ್ಯಾಮ್ ಕಳ್ಳ ಅಂತ ಗದರುತ್ತಾನೆ, ಅಲ್ಲಿಗೆ ಮುಗಿಯಿತು. ತನ್ನವರ ಮೇಲೆ ಅತಿ ಪ್ರೀತಿ ಇರುವವರಿಗೆ ಹೊರಗಿನವರ ಮೇಲೆ ಇರುವ ಅನುಮಾನ ಅದು. ನಮ್ಮ ಮನೆಗಳಲ್ಲೂ ಇಂಥವರು ಇರುತ್ತಾರೆ, ಅಲ್ವಾ?

ಷರತ್ತು ಏನೆಂದರೆ, ಸ್ಯಾಮ್ ಆಗುವ ಮೊದಲು ನಿಮ್ಮ ಫ್ರೋಡೊ ಯಾರು ಅಂತ ನೋಡಿಕೊಳ್ಳಿ. ಎದುರಿನವರು ಅದಕ್ಕೆ ತಕ್ಕವರಾಗಿದ್ದರೆ ಮಾತ್ರ ಆ ನಿಷ್ಠೆಗೆ ಬೆಲೆ. ಆಫೀಸಿನಲ್ಲಿ ರಾತ್ರಿ ಹತ್ತರವರೆಗೆ ಕೂರಿಸಿಕೊಳ್ಳುವ ಬಾಸ್‌ಗೆ ಸ್ಯಾಮ್ ಥರದವರು ತುಂಬಾ ಇಷ್ಟ. ಅಂಥವರಿಗೆ ಸ್ಯಾಮ್ ಆಗಬೇಡಿ.

ಫ್ರೋಡೊ: ಯಾರೂ ಆರಿಸದವನು

ಕೊನೆಯ ಗಳಿಗೆಯಲ್ಲಿ ಫ್ರೋಡೊ ಸೋಲುತ್ತಾನೆ. ಬೆಂಕಿಯ ಬಾಯಿಯ ಮುಂದೆ ನಿಂತು, ಉಂಗುರ ನನ್ನದು ಎನ್ನುತ್ತಾನೆ. ಗಾಲಮ್ ಅವನ ಬೆರಳು ಕಚ್ಚಿ ಕಿತ್ತುಕೊಂಡು ತಾನೇ ಬೀಳದಿದ್ದರೆ ಕಥೆ ಅಲ್ಲೇ ಎಕ್ಕುಟ್ಟಿ ಹೋಗುತ್ತಿತ್ತು. ಆದರೆ ಗಾಲಮ್ ಅಲ್ಲಿಯವರೆಗೆ ಬದುಕಿದ್ದದ್ದು ಯಾಕೆ? ಮೊದಲು ಫ್ರೋಡೊನ ಹಿರಿಯ ನೆಂಟ ಬಿಲ್ಬೊ, ಆಮೇಲೆ ಫ್ರೋಡೊ, ಕೊಲ್ಲಬಹುದಾಗಿದ್ದಾಗ ಕೊಲ್ಲದೆ ಬಿಟ್ಟದ್ದರಿಂದ. ಫ್ರೋಡೊ ಗೆದ್ದದ್ದು ಬಲದಿಂದಲ್ಲ, ವಾರಗಳ ಹಿಂದೆ ತೋರಿಸಿದ್ದ ಕನಿಕರದಿಂದ. ಅವನದು ನೈತಿಕ ಸೋಲಲ್ಲ, ಯಾರಿಗೂ ಆಗದಷ್ಟು ಭಾರ ಅದು ಅಂತ ಟೋಲ್ಕಿನ್ ಪತ್ರಗಳಲ್ಲಿ ವಾದಿಸಿದ್ದಾರೆ.

ವಾಪಸ್ ಬಂದ ಮೇಲೆ ಅವನಿಗೆ ನೆಮ್ಮದಿ ಇಲ್ಲ. ಚೂರಿ ತಗುಲಿದ ತಾರೀಖು, ಜೇಡ ಕುಟುಕಿದ ತಾರೀಖು ಬಂದಾಗಲೆಲ್ಲ ಕಾಯಿಲೆ ಬೀಳುತ್ತಾನೆ. ಊರಿನವರಿಗೆ ಅವನು ಮಾಡಿದ್ದೇ ಗೊತ್ತಿಲ್ಲ, ಅವನಿಗಿಂತ ಕವಚ ತೊಟ್ಟು ತಿರುಗುವ ಮೆರ್ರಿ, ಪಿಪ್ಪಿನ್ ಮೇಲೇ ಅವರಿಗೆ ಅಭಿಮಾನ. ಎರಡು ವರ್ಷ ತಡೆದುಕೊಂಡು ಕೊನೆಗೆ ಹಡಗು ಹತ್ತಿ ಹೊರಟುಹೋಗುತ್ತಾನೆ.

ಇವನನ್ನು ಆರಿಸಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ಕಾಯಿಲೆಯವರನ್ನು ನೋಡಿಕೊಂಡು ಸುಸ್ತಾದವರಿಗೆ, ಕೆಲಸ ಮುಗಿದರೂ ಮನಸ್ಸು ಮೊದಲಿನ ಹಾಗೆ ಆಗದವರಿಗೆ ಅವನ ಹತ್ತಿರ ತಾನಾಗಿಯೇ ನಂಟು ಬೆಳೆಯುತ್ತದೆ.

ಫ್ಯಾರಮಿರ್ ಮತ್ತು ಎಯೋವಿನ್

ನನ್ನ ಪಾತ್ರಗಳಲ್ಲಿ ಯಾರಾದರೂ ನನ್ನ ಥರ ಇದ್ದರೆ ಅದು ಫ್ಯಾರಮಿರ್, ಆದರೆ ಅವನ ಧೈರ್ಯ ನನಗಿಲ್ಲ ಎಂಬರ್ಥದಲ್ಲಿ ಟೋಲ್ಕಿನ್ ಒಮ್ಮೆ ಬರೆದಿದ್ದರು. ಗೊಂಡೋರನ್ನು ಆಳುವವನ ಎರಡನೇ ಮಗ, ಅಪ್ಪನಿಗೆ ಅಣ್ಣನೇ ಮುದ್ದು. ಆ ಉಂಗುರ ದಾರಿಯಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುವುದಿಲ್ಲ ಅಂತ ಮೊದಲು ಹೇಳಿ, ಅದು ಎದುರಿಗೇ ಇದೆ ಅಂತ ಗೊತ್ತಾದ ಮೇಲೂ ಆಡಿದ ಮಾತಿಗೆ ನಿಂತು, ಬುತ್ತಿ ಕಟ್ಟಿ ಕಳಿಸಿಕೊಡುತ್ತಾನೆ. ಸಿನಿಮಾದಲ್ಲಿ ಇದನ್ನು ಬದಲಾಯಿಸಿ ಅವನನ್ನು ಸ್ವಲ್ಪ ಸಣ್ಣವನನ್ನಾಗಿ ಮಾಡಿದ್ದಾರೆ, ನನಗೆ ಇವತ್ತಿಗೂ ಸಿಟ್ಟಿದೆ. ಮನೆಯಲ್ಲಿ ಯಾವಾಗಲೂ ಅಣ್ಣನ ಜೊತೆ ಹೋಲಿಸಿಕೊಂಡು ಬೆಳೆದವರಿಗೆ ಇವನಷ್ಟು ಒಳ್ಳೆಯ ಆಯ್ಕೆ ಇಲ್ಲ.

ರೋಹನ್ ರಾಜನ ತಂಗಿಯ ಮಗಳು ಎಯೋವಿನ್ ಅಂದರೆ ಎಲ್ಲರಿಗೂ ನೆನಪಾಗುವುದು ಶಿರಸ್ತ್ರಾಣ ತೆಗೆದು, ಕೂದಲು ಬಿಚ್ಚಿಕೊಂಡು, ಪಿಶಾಚಿ ರಾಜನ ಎದುರು ನಿಲ್ಲುವ ದೃಶ್ಯ. ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅವಳು ಅಲ್ಲಿಗೆ ಬಂದ ಮನಸ್ಥಿತಿ ನೋಡಿ. ಊರಿನ ಜನರನ್ನು ನೋಡಿಕೊಳ್ಳುವ ಹೊಣೆ ಬಿಟ್ಟು, ಗಂಡಸಿನ ವೇಷದಲ್ಲಿ, ಸಾಯಬೇಕು ಅಂತಲೇ ಬಂದಿರುತ್ತಾಳೆ. ಅವಳ ಭಯ ಸಾವಲ್ಲ, ಪಂಜರ. ವಯಸ್ಸಾಗುವವರೆಗೆ ಒಳಗೇ ಇದ್ದು, ಕೊನೆಗೆ ಹೊರಗೆ ಹೋಗುವ ಆಸೆಯೂ ಸತ್ತುಹೋಗುವುದು. ಅವಳ ಥರ ಆಗಬೇಕು ಅನ್ನುವ ಹುಡುಗಿಯರಿಗೆ ಈ ಭಯ ಅರ್ಥ ಮಾಡಿಸಬೇಕಾಗಿಲ್ಲ. ಕೊನೆಯಲ್ಲಿ ಕತ್ತಿ ಬಿಟ್ಟು ಗುಣಪಡಿಸುವವಳಾಗುತ್ತೇನೆ ಅಂತ ಅವಳು ಹೇಳುವುದು ಕೆಲವರಿಗೆ ಹಿಡಿಸುವುದಿಲ್ಲ, ಹೆಣ್ಣನ್ನು ಮತ್ತೆ ಮನೆಗೆ ಕಳಿಸಿದರು ಎನ್ನುತ್ತಾರೆ. ಅರಾಗಾರ್ನ್‌ನ ದೊಡ್ಡ ಗುಣವೂ ಅದೇ ಅಂತ ಪುಸ್ತಕ ಹೇಳುವಾಗ ಅದನ್ನು ಸೋಲು ಅನ್ನಲು ನನಗೆ ಆಗುವುದಿಲ್ಲ.

ಗೆಡ್: ಜಾಣರಿಗೆ

1968ರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ತೆಳ್ಳಗಿನ ಪುಸ್ತಕ. ಅದರ ನಾಯಕ ಗಾಂಟ್ ದ್ವೀಪದಲ್ಲಿ ಮೇಕೆ ಕಾಯುವ ಹುಡುಗ, ತಾಮ್ರದ ಕಂದು ಬಣ್ಣದವನು. ಅರ್ಥ್‌ಸೀ ಎಂಬ ಆ ದ್ವೀಪಗಳ ಲೋಕದ ಬಹುಪಾಲು ಜನ ಕಪ್ಪು, ಕಂದು ಬಣ್ಣದವರೇ, ಲೆ ಗ್ವಿನ್ ಬೇಕೆಂದೇ ಹಾಗೆ ಬರೆದದ್ದು. 2004ರಲ್ಲಿ ಟಿವಿಗೆ ಮಾಡುವಾಗ ಬಿಳಿ ಹುಡುಗನನ್ನು ಹಾಕಿದರು ಅಂತ ಅವರು ಬಹಿರಂಗವಾಗಿಯೇ ಸಿಟ್ಟು ಮಾಡಿಕೊಂಡರು.

ಗೆಡ್ ಪ್ರತಿಭಾವಂತ, ಅದೇ ಅವನ ತೊಂದರೆ. ಒಗಿಯಾನ್ ಎಂಬ ಗುರು ಗಿಡಮೂಲಿಕೆ ಹೆಸರು ಕಲಿಸುತ್ತಾ, ಮಳೆ ಬಂದರೆ ಮಂತ್ರ ಹಾಕಿ ಓಡಿಸದೆ ಸುಮ್ನೆ ನೆನೆಯುತ್ತಾ ಇರುತ್ತಾನೆ. ಹುಡುಗನಿಗೆ ತಾಳ್ಮೆ ಇಲ್ಲ. ರೋಕ್ ದ್ವೀಪದ ಮಂತ್ರವಾದಿಗಳ ಶಾಲೆಗೆ ಹೋಗುತ್ತಾನೆ. ಅಲ್ಲಿ ಒಬ್ಬ ಶ್ರೀಮಂತರ ಹುಡುಗ ಅವನನ್ನು ಕೆಣಕುತ್ತಾನೆ. ಅವನ ಮುಂದೆ ದೊಡ್ಡವನಾಗಿ ಕಾಣಲು ಸತ್ತವರ ಆತ್ಮವನ್ನು ಕರೆಯಲು ಹೋಗಿ, ಒಂದು ಕಪ್ಪು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಆ ಬಿರುಕು ಮುಚ್ಚಲು ಶಾಲೆಯ ಹಿರಿಯ ಗುರು ಪ್ರಾಣ ಕೊಡಬೇಕಾಗುತ್ತದೆ. ಗೆಡ್ ಮುಖದ ಮೇಲೆ ಗಾಯದ ಗುರುತು ಹೊತ್ತು ಓಡುತ್ತಾನೆ, ಓಡಿದಷ್ಟೂ ನೆರಳಿಗೆ ಬಲ ಬರುತ್ತದೆ. ತಿರುಗಿ ನಿಂತು ಅದನ್ನೇ ಅಟ್ಟಿಸಿಕೊಂಡು ಹೋಗು ಅಂತ ಬುದ್ಧಿ ಹೇಳುವವನು ಅದೇ ಒಗಿಯಾನ್. ಕೊನೆಗೆ ಭೂಮಿಯ ಅಂಚಿನಾಚೆಯ ಸಮುದ್ರದಲ್ಲಿ ನೆರಳು ಎದುರಾದಾಗ, ಅವನು ಅದನ್ನು ಕರೆಯುವುದು ತನ್ನದೇ ಹೆಸರಿನಿಂದ. ದೋಣಿಯಲ್ಲಿ ಜೊತೆಗಿದ್ದವನು ವೆಚ್, ಶಾಲೆಯ ಗೆಳೆಯ. ಬಾ ಅಂತ ಗೆಡ್ ಕರೆದದ್ದಲ್ಲ, ನಾನೂ ಬರುತ್ತೇನೆ ಅಂತ ಹಟ ಹಿಡಿದು ಬಂದವನು.

ಕ್ಲಾಸಿಗೆ ಮೊದಲು ಬಂದು, ಅದು ತಲೆಗೇರಿ, ಯಾರಿಗೋ ಏನನ್ನೋ ತೋರಿಸಲು ಹೋಗಿ ಎಡವಟ್ಟು ಮಾಡಿಕೊಂಡವರಿಗೆ ಅರಾಗಾರ್ನ್, ಸ್ಯಾಮ್ ಇಬ್ಬರೂ ಉಪಯೋಗಕ್ಕೆ ಬರುವುದಿಲ್ಲ. ಅವರಿಬ್ಬರೂ ಮೊದಲಿಂದ ಒಳ್ಳೆಯವರೇ. ಗೆಡ್ ತಾನು ಮಾಡಿದ್ದನ್ನು ತಾನೇ ಸರಿಮಾಡಬೇಕಾಗಿ ಬಂದವನು. 1972ರ ಮೂರನೇ ಪುಸ್ತಕದಲ್ಲಿ ಅವನು ಸತ್ತವರ ಲೋಕದ ಬಾಗಿಲು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿ ಬರಿಗೈ ಆಗುತ್ತಾನೆ, ನಾಲ್ಕನೆಯದರಲ್ಲಿ ಮತ್ತೆ ಮೇಕೆ ಕಾಯುತ್ತಾನೆ. ನಾಯಕ ರಿಟೈರ್ ಆದ ಮೇಲೆ ಏನು ಮಾಡುತ್ತಾನೆ ಅಂತ ಇಷ್ಟು ನೇರವಾಗಿ ಬರೆದ ಫ್ಯಾಂಟಸಿ ನಾನು ಬೇರೆ ಓದಿಲ್ಲ.

ಉಳಿದವರು

‘ದಿ ಹಾಬಿಟ್’ನ ನಾಯಕ ಬಿಲ್ಬೊನನ್ನು ಜನ ತಮಾಷೆಯ ಪಾತ್ರ ಅಂದುಕೊಂಡಿದ್ದಾರೆ, ಕರವಸ್ತ್ರ ಮರೆತು ಬಂದೆ ಅಂತ ಗೊಣಗುವವನು ತಾನೇ. ಆದರೆ ಯುದ್ಧ ತಪ್ಪಿಸಲು ತನ್ನ ಗೆಳೆಯರಿಗೆ ಪ್ರಾಣದಂತಿದ್ದ ರತ್ನವನ್ನು ಎದುರು ಪಕ್ಷಕ್ಕೆ ಕೊಟ್ಟು, ಬೈಸಿಕೊಳ್ಳಲು ಅದೇ ಗೆಳೆಯರ ಹತ್ತಿರ ವಾಪಸ್ ಬಂದು ಕೂರುತ್ತಾನೆ. ಅಷ್ಟು ಎದೆಗಾರಿಕೆ ಎಷ್ಟು ಜನಕ್ಕೆ ಇದೆ?

ಹ್ಯಾರಿ ಪಾಟರ್ ಕಡೆಯವರಲ್ಲಿ ಹ್ಯಾರಿಗಿಂತ ಅವನ ಸಹಪಾಠಿ ನೆವಿಲ್ ಮೇಲು ಅಂತ ನನ್ನ ಅಭಿಪ್ರಾಯ. ಮೊದಲ ಪುಸ್ತಕದಲ್ಲಿ ಅವನಿಗೆ ಸಿಗುವ 10 ಅಂಕ ವೈರಿಯ ಎದುರು ನಿಂತದ್ದಕ್ಕಲ್ಲ, ಗೆಳೆಯರನ್ನೇ ತಡೆದದ್ದಕ್ಕೆ. ಹರ್ಮಾಯ್ನಿ ಥರ ಆಗಬೇಕು ಅನ್ನುವವರು ಬಹಳ, ಅದಕ್ಕೆ ದಾರಿಯೂ ಸುಲಭ, ಲೈಬ್ರರಿಗೆ ಹೋಗಬೇಕು ಅಷ್ಟೇ.

1932ರಲ್ಲಿ ಕಥೆಗಳಲ್ಲಿ ಹುಟ್ಟಿದ ಕಾಡುವೀರ ಕೊನನ್ ತೋಳ್ಬಲದವನು. ಮೆಚ್ಚಿಕೊಳ್ಳಿ, ಜಿಮ್‌ಗೆ ಹೋಗಿ, ಅದರಾಚೆ ಹೆಚ್ಚೇನೂ ಸಿಗುವುದಿಲ್ಲ. 1986ರಲ್ಲಿ ಪೋಲಿಷ್ ಕಥೆಯೊಂದರಲ್ಲಿ ಮೊದಲು ಬಂದು, ಆಮೇಲೆ ‘ದಿ ವಿಚರ್’ ಗೇಮ್‌ಗಳಿಂದ ಊರೆಲ್ಲ ಹೆಸರಾದ ಗೆರಾಲ್ಟ್ ಇನ್ನೊಂದು ಜಾತಿ. ದುಡ್ಡಿಗೆ ರಾಕ್ಷಸರನ್ನು ಕೊಲ್ಲುವ ಕೂಲಿಯವನು, ಮುಖ ಗಂಟು, ಒಳಗೆ ಮೆತ್ತಗೆ. ಗಂಟುಮುಖ ಮಾತ್ರ ಕಲಿತು ಒಳಗಿನದನ್ನು ಬಿಟ್ಟವರು ಅವನ ಅಭಿಮಾನಿಗಳಲ್ಲಿ ಜಾಸ್ತಿ.

ಎಲ್ಲಿಂದ ಶುರು ಮಾಡುವುದು

ನೀವೇ ಓದುವುದಾದರೆ ಗೆಡ್‌ನಿಂದ ಶುರು ಮಾಡಿ, ಬೇಗ ಮುಗಿಯುತ್ತದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಶುರುವಿನಲ್ಲಿ ನಿಧಾನ, ಬ್ರೀ ತಲುಪುವವರೆಗೆ ತಡೆದುಕೊಳ್ಳಬೇಕು, ಹಾಡುಗಳನ್ನು ಮೊದಲ ಓದಿನಲ್ಲಿ ದಾಟಿದರೆ ಯಾರೂ ಕೇಳುವುದಿಲ್ಲ. ಸಿನಿಮಾ ಮಾತ್ರ ನೋಡಿದವರು ಕೊನೆಯ ಸಂಪುಟದ ಶೈರ್ ಅಧ್ಯಾಯಗಳನ್ನಾದರೂ ಓದಿ, ಸ್ಯಾಮ್, ಫ್ರೋಡೊ ಇಬ್ಬರ ಬಗ್ಗೆಯೂ ಅಭಿಪ್ರಾಯ ಬದಲಾಗಬಹುದು. ಮಕ್ಕಳಿಗೆ ಕೊಡುವುದಾದರೆ ಮೊದಲು ಬಿಲ್ಬೊನ ‘ದಿ ಹಾಬಿಟ್’, 1937ರದ್ದಾದರೂ ಹತ್ತು ವರ್ಷದ ಮಗುವಿಗೆ ಇವತ್ತಿಗೂ ಹಿಡಿಸುತ್ತದೆ. ಹನ್ನೆರಡರ ಮೇಲೆ ಗೆಡ್. ಅರ್ಥ್‌ಸೀಯ ನಾಲ್ಕನೆಯದು, 1990ರ ‘ಟೆಹಾನು’ ಮಾತ್ರ ದೊಡ್ಡವರಿಗೆ ಇರಲಿ. ಅದರಲ್ಲಿ ಸುಟ್ಟುಹೋದ ಒಂದು ಮಗು ಇದೆ, ಆ ಮಗುವಿಗೆ ಏನಾಯಿತು ಅನ್ನುವುದನ್ನು ಪುಸ್ತಕ ಮುಚ್ಚಿಡುವುದಿಲ್ಲ.